ಚರ್ಚಿಗೆ ಸೂತಕ ಇಲ್ಲ

ಗೋವೆಯ ಹಳೆಯ ಚರ್ಚುಗಳನ್ನು ನಾನು ನೋಡಿದ್ದೇನೆ. ಯಾರಾದರೂ ಪ್ರವಾಸದ ಮಾತು ತೆಗೆದು "ಹೆಂಗಿತ್ತು ರೀ?" ಎಂದರೆ "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೊರಳುತ್ತೇನೆ. ಚರ್ಚುಗಳದ್ದೇನೂ ತಪ್ಪಿಲ್ಲ, ಅವು ಚೆನ್ನಾಗಿಯೇ ಇದ್ದವು. ನಾವು ಅಲ್ಲಿಗೆ ಹೋದ ರೀತಿ ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ. ಆ ಹೇಸಿಗೆಯಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಮಾತ್ರ ಈವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ಶಿಕಾರಿಪುರದಲ್ಲಿ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವುದು ನನ್ನ ಕೆಲಸ. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ನನ್ನ ಮೇಜಿನ ಮುಂದೆ ಕೂತು "ಬಾವಿ ಯಾರ ಕಡೀಗ್ ಬಂತು ಅಂತ ಸರಿಯಾಗಿ ಬರೀರಿ" ಎನ್ನುವುದನ್ನು ಇಪ್ಪತ್ತೈದು ವರ್ಷದಿಂದ ಕೇಳುತ್ತ ಬಂದವನು. ಹಾಗಾಗಿ ಮನುಷ್ಯರ ಸಣ್ಣತನ ನನಗೆ ಹೊಸದಲ್ಲ ಎಂಬ ಜಂಬವೂ ಇತ್ತು. ನಮ್ಮ ಮನೆಯಲ್ಲೂ ಅಂಥದ್ದೇ ಒಂದು ಜಗಳವಿತ್ತು. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ಅಪ್ಪನ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ ಇದ್ದ. ಅಣ್ಣನೂ ನಾನೂ ಶಿಕಾರಿಪುರ ಸೇರಿ ಬಹಳ ಕಾಲವಾಗಿದ್ದರೂ ಗದ್ದೆ ಅಲ್ಲೇ. ಗದ್ದೆ ಅಳೆಸಿ ಗಡಿ ಗುರುತು ಹಾಕಿಸುವ ಹದ್ದುಬಸ್ತು ಮಾಡಿಸಲೇಬೇಕೆಂದು ಅಣ್ಣ ಹಟ ಹಿಡಿದ. ಅರ್ಜಿ ಬರೆದುಕೊಟ್ಟವನು ನಾನೇ. ಸರ್ವೆಯವರು ಬಂದ ದಿನ ಚಿಕ್ಕಪ್ಪ ಬದುವಿನ ಮೇಲೆ ಕೂತವನು ಏಳಲಿಲ್ಲ. ಅಣ್ಣ ಆಡಬಾರದ ಮಾತು ಆಡಿದ. ಆಗ ಚಿಕ್ಕಪ್ಪ ಎದ್ದು, ಪಂಚೆಯ ಮಣ್ಣು ಕೊಡವಿಕೊಂಡು, "ನಾ ಸತ್ತಾಗ ನನ್ನ ಮುಖ ನೋಡಕ್ಕೆ ಬರಬ್ಯಾಡ" ಎಂದು ಅಣ್ಣನಿಗೆ ಹೇಳಿ ಹೋದ. ಅಲ್ಲಿಂದ ಮೂರು ವರ್ಷ ಎರಡು ಮನೆಗೂ ಹೊಕ್ಕುಬಳಕೆ ಇರಲಿಲ್ಲ.

ಎರಡೂ ಮನೆಯ ಹೊಸಿಲು ದಾಟುತ್ತಿದ್ದವಳು ಅತ್ತೆಯೊಬ್ಬಳೇ. ಅಪ್ಪನಿಗೆ ತಂಗಿ, ಚಿಕ್ಕಪ್ಪನಿಗೆ ಅಕ್ಕ. ತೊಗರ್ಸಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಮೈದುನನ ಮನೆಯಲ್ಲಿ ಹಸು ನೋಡಿಕೊಂಡು ಇದ್ದಳು. ಅಜ್ಜಿ ಬೇಗ ಸತ್ತಿದ್ದರಿಂದ ಚಿಕ್ಕಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಅವನಿಗೆ ಅರವತ್ತು ದಾಟಿದ ಮೇಲೂ ಊಟಕ್ಕೆ ಕೂತಾಗ "ತುಪ್ಪ ಹಾಕ್ಕಳಾ" ಎಂದು ಗದರುತ್ತಿದ್ದಳು. ನಮ್ಮ ಜಗಳದ ವಿಷಯವನ್ನು ಅವಳು ಯಾವತ್ತೂ ಎತ್ತಲಿಲ್ಲ. ಅಲ್ಲಿಂದ ಬರುವಾಗ ಚೀಲದಲ್ಲಿ ಸೌತೆಕಾಯಿಯೋ ಬಾಳೆಗೊನೆಯೋ ಇರುತ್ತಿತ್ತು, "ಅವನು ಕೊಟ್ಟಾನೆ" ಎಂದು ಅಡುಗೆಮನೆಯಲ್ಲಿ ಇಟ್ಟು ಹೋಗುತ್ತಿದ್ದಳು. ಅವನು ಕೊಟ್ಟಿದ್ದನೋ ಇವಳೇ ಕಿತ್ತುಕೊಂಡು ಬಂದಿದ್ದಳೋ ನಾವು ಕೇಳುತ್ತಿರಲಿಲ್ಲ.

ಅತ್ತಿಗೆಗೆ ಗೋಕರ್ಣದ ಹರಕೆ ಇತ್ತು. ಅದಕ್ಕೆಂದು ಅಣ್ಣ ಒಂದು ಟಿಟಿ ಗಾಡಿ ಗೊತ್ತುಮಾಡಿದ. ಅಣ್ಣ, ಅತ್ತಿಗೆ, ಅವರ ಮಗಳು ಅಳಿಯ, ಅತ್ತಿಗೆಯ ತವರಿನವರು ನಾಲ್ಕು ಜನ, ನಾನು, ನನ್ನ ಹೆಂಡತಿ. ಮೊದಲ ದಿನ ಗೋಕರ್ಣ, ಆಮೇಲೆ ಗೋವೆಯ ದೇವಸ್ಥಾನಗಳು, ಕಡೆಗೆ ಸಮಯ ಉಳಿದರೆ ಬೀಚು ಎಂದು ಲೆಕ್ಕ. ಅತ್ತೆ ಎಪ್ಪತ್ತೈದು ವರ್ಷಕ್ಕೂ ಕಡಲು ಕಂಡಿರಲಿಲ್ಲ. ನಾನೇ ಹೋಗಿ ಕರೆದೆ. ಚಿಕ್ಕಪ್ಪನ ಕಾಲು ಬಾತಿದೆ, ಅವನನ್ನು ಬಿಟ್ಟು ಹೆಂಗೆ ಬರಲಿ ಎಂದು ಮೊದಲು ಹಿಂದೆಮುಂದೆ ನೋಡಿದಳು. ಆಮೇಲೆ ಕುಪ್ಪಗಡ್ಡೆಗೆ ಹೋಗಿ ಕೇಳಿಕೊಂಡು ಬಂದಳು. "ಹೋಗ್ ಬಾ ಅಕ್ಕ, ನನ್ ಕಾಲೆಲ್ಲಿ ಓಡೋಗುತ್ತೆ ಅಂದ" ಎಂದು ನಗುತ್ತ ಹೇಳಿದಳು.

ಶಿರಸಿ ದಾಟಿ ಒಂದು ಹೋಟೆಲಿನಲ್ಲಿ ತಿಂಡಿಗೆ ನಿಲ್ಲಿಸಿದ್ದೆವು. ನನ್ನ ಫೋನು ಬಡಿಯಿತು. ಚಿಕ್ಕಪ್ಪನ ಮಗ. ಮೂರು ವರ್ಷದಲ್ಲಿ ಅವನು ಫೋನು ಮಾಡಿದ್ದು ಅದೇ ಮೊದಲು. ಹೊರಗೆ ಬಂದು ಎತ್ತಿಕೊಂಡೆ.

"ಅಣ್ಣ, ಅಪ್ಪ ಹೋದ. ಬೆಳಿಗ್ಗೆ ಎದ್ದು ನೀರು ಕೇಳ್ದ, ಅಷ್ಟೇ." ಹಿಂದೆ ಹೆಂಗಸರ ಅಳು ಕೇಳುತ್ತಿತ್ತು. "ಅತ್ತೆ ನಿಮ್ ಜತಿಗೆ ಅದಾಳಂತಲ್ಲ. ಅವ್ಳಿಗೆ ಹೇಳು. ಎಲ್ಲಿದೀರಿ ಈಗ?"

ಶಿರಸಿ ದಾಟಿದೀವಿ ಎಂದೆ.

"ಹಂಗಾರೆ ಹತ್ರಾನೇ ಆತು. ಸಂಜಿ ತಂಕ ಇಟ್ಕಂತೀವಿ. ಅವ್ಳು ಮುಖ ನೋಡ್ದೆ ಎತ್ತೋದಿಲ್ಲ. ನಿಮ್ದೆಲ್ಲ ಬಿಡು, ಬರ್ತೀರೋ ಬಿಡ್ತೀರೋ, ಅವ್ಳನ್ನೊಂದು ಕರ್ಕಂಡ್ ಬಾ ಅಣ್ಣ." ಆಮೇಲೆ ರಾತ್ರಿ ಏನೇನಾಯಿತು, ಡಾಕ್ಟರು ಏನೆಂದಿದ್ದರು ಎಂದು ಒಂದಷ್ಟು ಹೇಳಿಕೊಂಡ. "ಬರ್ತೀನಿ" ಎಂದು ಹೇಳಿ ಫೋನು ಇಟ್ಟೆ.

ಬರ್ತೀನಿ ಎಂದಿದ್ದು ನಿಜ. ಆ ಗಳಿಗೆಯಲ್ಲಿ ಹೋಗಬೇಕೆಂದೇ ಇದ್ದೆ. ಅಲ್ಲಿಂದ ತಿರುಗಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗಿಂತ ಮೊದಲೇ ಕುಪ್ಪಗಡ್ಡೆಯಲ್ಲಿರುತ್ತಿದ್ದೆವು.

ಅಣ್ಣ ಕೈ ತೊಳೆಯುವ ನಲ್ಲಿಯ ಹತ್ತಿರ ಇದ್ದ. ಹೇಳಿದೆ. ಅವನು ಬಾಯಿ ಮುಕ್ಕಳಿಸಿ ಉಗಿದು, ಕನ್ನಡಿಯಲ್ಲಿ ಮುಖ ನೋಡಿಕೊಂಡು, "ಅವಂಗೆ ಸಾಯಕ್ಕೂ ಇದೇ ದಿನ ಬೇಕಾಗಿತ್ತಾ?" ಎಂದ. ನನಗೆ ಮೈಯೆಲ್ಲ ಉರಿಯಿತು. ಅವನು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ, "ಮುಖ ನೋಡಕ್ಕೆ ಬರಬ್ಯಾಡ ಅಂತ ಅವನೇ ಹೇಳಿದ್ನಲ್ಲ. ನಾವೇನು ಅವನ ಮಾತು ಮೀರಿದಂಗಾಗಲ್ಲ" ಎಂದ. ಬರಬೇಡ ಎಂದಿದ್ದು ನಿನಗೆ, ಅತ್ತೆಗಲ್ಲ ಎಂದೆ. "ಅತ್ತೆಗೆ ಹೇಳಿದ್ರೆ ಇಲ್ಲೇ ರೋಡಲ್ಲೇ ಕೂತು ಅಳ್ತಾಳೆ. ಗಾಡಿ ತಿರುಗಿಸ್ಬೇಕು. ಈ ಜನರನ್ನೆಲ್ಲ ಏನ್ ಮಾಡ್ಲಿ? ಬೇಕಾರೆ ನೀನು ಬಸ್ಸಲ್ಲಿ ಕರ್ಕಂಡು ಹೋಗು, ಯಾರು ಬ್ಯಾಡ ಅಂದ್ರು?"

ಅಷ್ಟರಲ್ಲಿ ಅತ್ತಿಗೆ ಬಂದಳು, ಅಳಿಯ ಬಂದ. ಆಮೇಲೆ ನಡೆದ ಮಾತುಕತೆ ಕೇಳಿದ್ದರೆ ಯಾರಿಗಾದರೂ ವಾಕರಿಕೆ ಬರುತ್ತಿತ್ತು. ಒಬ್ಬ ಮನುಷ್ಯ ಸತ್ತ ಎಂಬುದು ಯಾರಿಗೂ ತೊಂದರೆಯಾಗಿರಲಿಲ್ಲ, ಸೂತಕ ತೊಂದರೆಯಾಗಿತ್ತು. ನಮಗೆ ಸ್ವಂತ ಚಿಕ್ಕಪ್ಪ, ಹನ್ನೊಂದು ದಿನ ದೇವಸ್ಥಾನದ ಮೆಟ್ಟಿಲು ಹತ್ತುವಂತಿಲ್ಲ. ಅತ್ತಿಗೆಯ ತವರಿನವರಿಗೆ ಏನೂ ಇಲ್ಲ, ಅವರು ಹೋಗಬಹುದು. ಆದರೆ ಅವರು ಮಾತ್ರ ಗೋಕರ್ಣದಲ್ಲಿ ಒಳಗೆ ಹೋಗಿ ನಾವು ಹೊರಗೆ ನಿಂತರೆ ಅತ್ತೆ ಸುಮ್ಮನಿರುತ್ತಾಳೆಯೇ? ನಿಂತಲ್ಲೇ ವಾಸನೆ ಹಿಡಿಯುತ್ತಾಳೆ. ಗೊತ್ತಿದ್ದೂ ಅತ್ತೆಯನ್ನು ಮೈಲಿಗೆಯಲ್ಲಿ ದೇವರ ಮುಂದೆ ನಿಲ್ಲಿಸಿದರೆ ಆ ಪಾಪ ನಮಗೇ ಎಂದು ಅತ್ತಿಗೆ ಹೆದರಿದಳು. ಪಾಪ ಎಂಬ ಮಾತು ಅವಳ ಬಾಯಲ್ಲಿ ಬಂದಿದ್ದು ಅದೊಂದೇ ಸಲ, ಅದೂ ಇದಕ್ಕೆ.

"ಮಾವ, ಓಲ್ಡ್ ಗೋವಾದಲ್ಲಿ ಚರ್ಚುಗಳಿದಾವಲ್ಲ" ಎಂದ ಅಳಿಯ, ಫೋನಿನಿಂದ ಕಣ್ಣೆತ್ತದೆ. "ಚರ್ಚಿಗೇನು ಸೂತಕ ಇಲ್ಲ. ಫೋಟೋನೂ ಮಸ್ತ್ ಬರ್ತಾವೆ."

ಅಣ್ಣನ ಮುಖ ಅರಳಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಮೂರು ದಿನದ ಪ್ರವಾಸದಲ್ಲಿ ದೇವಸ್ಥಾನಗಳನ್ನೆಲ್ಲ ತೆಗೆದು ಆ ಜಾಗಕ್ಕೆ ಚರ್ಚುಗಳನ್ನು ಕೂಡಿಸಿದರು. ಜನ ದೇಶದೇಶದಿಂದ ಹರಕೆ ಹೊತ್ತು ಬರುವ ಕ್ಷೇತ್ರಗಳು ಅವು. ನಮ್ಮವರಿಗೆ ಅವು ಮೈಲಿಗೆ ಇದ್ದರೂ ನಡೆಯುವ ಜಾಗ. ಬಸ್ ಸ್ಟ್ಯಾಂಡಿಗೆ ಸೂತಕವಿಲ್ಲ, ಸಂತೆಗೆ ಸೂತಕವಿಲ್ಲ, ಹಾಗೆಯೇ ಚರ್ಚಿಗೂ ಇಲ್ಲ.

ನಾನು ಬಸ್ಸಿನಲ್ಲಿ ಕರೆದುಕೊಂಡು ಹೋಗಬಹುದಿತ್ತು. ಶಿರಸಿಯಿಂದ ಬಸ್ಸುಗಳಿಗೇನು ಬರವಿಲ್ಲ. ಹೋಗಲಿಲ್ಲ. ಅಣ್ಣನಿಗೆ ಹೆದರಿ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳು. ಹೆದರಿದ್ದು ಆ ಅಂಗಳಕ್ಕೆ. ಅರ್ಜಿ ಬರೆದ ಕೈ ಇದೇ ಎಂದು ಊರೆಲ್ಲ ನೋಡುತ್ತ ನಿಂತಿರುವಾಗ ಆ ಹೆಣದ ಮುಂದೆ ಹೋಗಿ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ನನ್ನ ಅಂಜಿಕೆಗೆ ಅತ್ತೆಯನ್ನು ಅಡವಿಟ್ಟೆ.

ಗಾಡಿ ಹತ್ತಿದೆವು. ಗೋಕರ್ಣದಲ್ಲಿ ಇವತ್ತು ವಿಪರೀತ ರಶ್ಶಂತೆ, ಬರುವಾಗ ನೋಡೋಣ ಎಂದು ಅಣ್ಣ ಅತ್ತೆಗೆ ಹೇಳಿದ. "ಆತು ಬಿಡು, ದೇವ್ರೇನು ಎಲ್ಲೂ ಹೋಗಲ್ಲ" ಎಂದಳು. ನನ್ನ ಹೆಂಡತಿಗೆ ಅತ್ತಿಗೆ ಕಿವಿಯಲ್ಲಿ ಹೇಳಿದ್ದಳು. ಘಟ್ಟ ಇಳಿಯುವಾಗ ಅವಳು ನನ್ನ ಕಡೆ ವಾಲಿ, "ಇನ್ನೂ ಹೊತ್ತು ಮೀರಿಲ್ಲ, ಹೇಳ್ರೀ" ಎಂದಳು. ಸುಮ್ಮನಿರು ಎಂದೆ. ಅವಳು ಎದ್ದು ಅತ್ತೆಯ ಪಕ್ಕದ ಸೀಟಿಗೆ ಹೋಗಿ ಕೂತಳು. ಅತ್ತೆ ಕಿಟಕಿಯ ಬದಿ ಕೂತು, ಕಡಲು ಮೊದಲು ಕಂಡಾಗ "ಅಯ್ಯಯ್ಯ, ಇಷ್ಟು ನೀರಾ!" ಎಂದು ಬಾಯ ಮೇಲೆ ಕೈಯಿಟ್ಟುಕೊಂಡಳು. ಊರಿಗೆ ಹೋದ ಮೇಲೆ ಅವನಿಗೆ ಹೇಳಬೇಕು ಎಂದಳು. ಅಳಿಯ ಹಿಂದಿನ ಸೀಟಿನಲ್ಲಿ ಕಿಸಕ್ಕನೆ ನಕ್ಕ. ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ಬಾರಿಸಲಿಲ್ಲ, ನಾನೇನು ಅವನಿಗಿಂತ ಮೇಲಾಗಿದ್ದೆನೇ?

ಹಳೆಯ ಗೋವೆ ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ಚರ್ಚಿನ ಹೊರಗೆ ಮೇಣದ ಅಂಗಡಿಗಳ ಸಾಲು. ಮೇಣದ ಬತ್ತಿಗಳ ಜೊತೆಗೆ ಮೇಣದಲ್ಲೇ ಮಾಡಿದ ಕೈ, ಕಾಲು, ಮನೆ, ಮಗು, ಇಡೀ ಮನುಷ್ಯನ ಆಕಾರ. ಕಾಯಿಲೆ ಯಾವ ಭಾಗಕ್ಕೋ ಆ ಭಾಗ ತಂದು ಒಪ್ಪಿಸುತ್ತಾರೆ. ನಮ್ಮವರು ಅವನ್ನೆತ್ತಿಕೊಂಡು ತಲೆಯ ಮೇಲೆ ಇಟ್ಟುಕೊಂಡು ಫೋಟೋ ತೆಗೆಸಿಕೊಂಡರು. ಅತ್ತೆಗೆ ಮಾತ್ರ ಯಾರೂ ವಿವರಿಸಬೇಕಾಗಲಿಲ್ಲ. ನಮ್ಮ ಕಡೆ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ದೇವರಿಗೆ ಹಾಕುವುದನ್ನು ನೋಡಿದವಳು. ಅಂಗಡಿಯವಳ ಮುಂದೆ ಕೂತು ಒಂದೊಂದೇ ಕಾಲು ಎತ್ತಿ ನೋಡಿದಳು.

"ಇದು ಎಡಗಾಲೋ ಬಲಗಾಲೋ ನೋಡಾ ಮಗಾ. ಅವಂದು ಎಡಗಾಲು ಬಾತಿರೋದು."

ನಾನು ನೋಡಿದೆ. ಎಡಗಾಲು ಎಂದೆ. ಆ ಹೊತ್ತಿಗೆ ಕುಪ್ಪಗಡ್ಡೆಯಲ್ಲಿ ಚಿಕ್ಕಪ್ಪನನ್ನು ಜಗುಲಿಯಲ್ಲಿ ಮಲಗಿಸಿ ಇವಳ ದಾರಿ ಕಾಯುತ್ತಿದ್ದರು. ಗೊತ್ತಿದ್ದೂ ನಾನು ಕಾಲು ಆರಿಸಿಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು, ಚಪ್ಪಲಿಯನ್ನು ಹೊರಗೇ ಬಿಟ್ಟು, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದಳು. ಇಲ್ಲಿ ಚಪ್ಪಲಿ ಬಿಡುವ ಪದ್ಧತಿ ಇಲ್ಲ ಎಂದು ಅತ್ತಿಗೆ ಕೂಗಿದಳು. "ಅವ್ರಿಗಿಲ್ಲ, ನಮಗೆ ಐತಲ್ಲ" ಎಂದಳು ಅತ್ತೆ. ಬತ್ತಿ ಹಚ್ಚುವಲ್ಲಿ ಕೂತಿದ್ದ ಒಬ್ಬ ಮುದುಕಿ, ಅವರ ಮತದವಳು, ಅತ್ತೆಯ ಕೈಯಲ್ಲಿದ್ದ ಕಾಲು ನೋಡಿ ಜಾಗ ಬಿಟ್ಟುಕೊಟ್ಟಳು. ಒಬ್ಬರ ಮಾತು ಇನ್ನೊಬ್ಬರಿಗೆ ಬರುವುದಿಲ್ಲ. ಆ ಮುದುಕಿ ಅತ್ತೆಯ ಭುಜ ತಟ್ಟಿ ಏನೋ ಅಂದಳು, ಅತ್ತೆ "ಹೌದವ್ವ, ತಮ್ಮ" ಎಂದಳು. ಆ ಇಡೀ ಪ್ರವಾಸದಲ್ಲಿ ನನ್ನ ಕಣ್ಣಿಗೆ ಬಿದ್ದ ಯಾತ್ರಿಕರು ಆ ಇಬ್ಬರೇ.

ಒಳಗೆ ನಮ್ಮವರು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಬಾಗಿಲ ಹತ್ತಿರ ಒಂದು ಕಲ್ಲಿನ ಬೋಗುಣಿಯಲ್ಲಿ ಅವರ ತೀರ್ಥವಿತ್ತು. ಭಕ್ತರು ಬೆರಳ ತುದಿ ಅದ್ದಿ ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದರು. ಅಳಿಯ ಗಾಡಿಯಲ್ಲಿ ಕಿತ್ತಳೆ ಹಣ್ಣು ತಿಂದಿದ್ದ, ಅಂಟುಗೈಯನ್ನು ಅದರಲ್ಲಿ ತೊಳೆದ. ಮಾತಾಡಬೇಡಿ ಎಂಬ ಬೋರ್ಡಿನ ಕೆಳಗೇ ಅತ್ತಿಗೆಯ ತಮ್ಮ ವಿಡಿಯೋ ಕಾಲ್ ಮಾಡಿ ಮನೆಯವರಿಗೆಲ್ಲ ಚರ್ಚು ತೋರಿಸಿದ. ಪಾಪ ನಿವೇದಿಸುವ ಮರದ ಗೂಡಿನೊಳಗೆ ಅವನ ಹೆಂಡತಿ ಕೂತು ನಾಲಗೆ ಚಾಚಿದಳು, ಅದೂ ಒಂದು ಫೋಟೋ. ಮುಂದಿನ ಗೋಡೆಯ ತುಂಬ ಬಂಗಾರದ ಕೆತ್ತನೆ. ಅಣ್ಣ ಕುತ್ತಿಗೆ ಎತ್ತಿ ನೋಡಿ "ಕೆರೆದ್ರೆ ಎಷ್ಟು ತೊಲ ಬರಬಹುದು?" ಎಂದು ನನ್ನನ್ನು ಕೇಳಿದ. ಶಿಲುಬೆಯ ಮುಂದೆ ಅಳಿಯ ಎರಡೂ ಕೈ ಚಾಚಿ, ಕತ್ತು ಒಂದು ಕಡೆ ವಾಲಿಸಿ ನಿಂತ. ಅವನ ಹೆಂಡತಿ ನಗು ತಡೆಯಲಾರದೆ ಫೋನು ಅಲುಗಾಡಿಸಿದ್ದರಿಂದ ಅದನ್ನೇ ಮೂರು ಸಲ ಮಾಡಬೇಕಾಯಿತು. ಪಕ್ಕದ ಬೆಂಚಿನಲ್ಲಿ ಮೊಣಕಾಲೂರಿದ್ದ ಒಂದು ಸಂಸಾರ ತಲೆಯೆತ್ತಿ ನೋಡಿ ಮತ್ತೆ ಕಣ್ಣು ಮುಚ್ಚಿತು. ಕಸ ಗುಡಿಸುವ ಹೆಂಗಸೊಬ್ಬಳು ಬಂದು ನಮ್ಮವರು ಎಸೆದ ಚಿಪ್ಸಿನ ಕವರು ಎತ್ತಿಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ತೊಗರ್ಸಿಯ ಮಲ್ಲಿಕಾರ್ಜುನನ ಗುಡಿಯಲ್ಲಿ ಯಾರೋ ಹೊರಗಿನವರು ಬಂದು ತೀರ್ಥದ ಬಟ್ಟಲಲ್ಲಿ ಕೈ ತೊಳೆದಿದ್ದರೆ ಇದೇ ಅಣ್ಣ ಊರು ಸೇರಿಸುತ್ತಿದ್ದ.

ಆ ಚರ್ಚಿನಲ್ಲಿ ಒಬ್ಬ ಸಂತನ ದೇಹವಿದೆ. ಎತ್ತರದ ಕಟ್ಟೆಯ ಮೇಲೆ ಬೆಳ್ಳಿಯ ಪೆಟ್ಟಿಗೆಯಲ್ಲಿ ನಾನೂರು ವರ್ಷಕ್ಕೂ ಮಿಕ್ಕಿದ ಕಾಲದಿಂದ ಇಟ್ಟಿದ್ದಾರೆ. ಕೆಳಗೆ ನಿಂತವರಿಗೆ ಹೆಚ್ಚೇನೂ ಕಾಣುವುದಿಲ್ಲ. ಜನ ಸಾಲಿನಲ್ಲಿ ಬಂದು ಕೈಮುಗಿದು ಹೋಗುತ್ತಿದ್ದರು. ಅತ್ತೆ ನನ್ನ ತೋಳು ಹಿಡಿದುಕೊಂಡು ಮೇಲೆ ನೋಡಿ ಅದೇನೆಂದು ಕೇಳಿದಳು. ಹೇಳಿದೆ.

"ಹೆಣನಾ? ಇನ್ನೂ ಎತ್ತಿಲ್ವಾ?"

ಇಲ್ಲ ಅತ್ತೆ, ಹಾಗೇ ಇಟ್ಟಿದ್ದಾರೆ ಎಂದೆ.

ಅತ್ತೆ ಸ್ವಲ್ಪ ಹೊತ್ತು ಆ ಪೆಟ್ಟಿಗೆಯನ್ನೇ ನೋಡಿದಳು. ನಮ್ಮ ಊರುಗಳಲ್ಲಿ ಹೆಣವನ್ನು ಇಟ್ಟುಕೊಳ್ಳುವುದು ಒಂದೇ ಕಾರಣಕ್ಕೆ. ದೂರದಿಂದ ಯಾರೋ ಬರಬೇಕಾಗಿರುತ್ತದೆ. ಅವಳು ತಿಳಿದಿದ್ದು ಅಷ್ಟೇ.

"ಪಾಪ, ಯಾರಿಗೆ ಕಾಯ್ತಿದಾರೋ" ಎಂದಳು.

ಗೋಡೆಯ ಗಡಿಯಾರವೋ ನನ್ನ ಕೈಯ ಗಡಿಯಾರವೋ ನೆನಪಿಲ್ಲ, ನಾಲ್ಕೂವರೆ ತೋರಿಸುತ್ತಿತ್ತು. ಆಗಲೇ ಹೇಳಿದ್ದರೂ ಪ್ರಯೋಜನವಿರಲಿಲ್ಲ, ಕುಪ್ಪಗಡ್ಡೆ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಪ್ರಯೋಜನವಿಲ್ಲ ಎಂದು ಗೊತ್ತಾದಾಗ ನನಗೆ ಎಲ್ಲೋ ಒಂದು ಮೂಲೆಯಲ್ಲಿ ನಿರಾಳವಾಯಿತು. ಹೌದು, ನಿರಾಳ. ಇದನ್ನು ಬರೆಯದೆ ಬಿಡಬಹುದಿತ್ತು. ಥೂ ಎಂದು ನನ್ನ ಮುಖಕ್ಕೆ ನಾನೇ ಉಗಿದುಕೊಂಡರೂ ಅದು ಅಳಿಸುವುದಿಲ್ಲ.

ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು. ಹೊರಗೆ ಬಂದು ನೋಡಿದರೆ ಚಿಕ್ಕಪ್ಪನ ಮಗನ ಐದು ಕರೆ. ಅಣ್ಣ ನನ್ನ ಕೈಯಿಂದ ಫೋನು ಕಸಿದು ಆಫ್ ಮಾಡಿ ವಾಪಸ್ ಕೊಟ್ಟ. ನಾನು ತಿರುಗಿ ಆನ್ ಮಾಡಲಿಲ್ಲ.

ಇನ್ನೊಂದು ತಾಪತ್ರಯ ಅಣ್ಣನ ತಲೆ ತಿನ್ನುತ್ತಿತ್ತು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ನಾವು ಬೆಳಿಗ್ಗೆಯಿಂದ ಹಾಗೇ ಇದ್ದೆವು. ನಾವೇನೋ ಲಾಡ್ಜಿನಲ್ಲಿ ಸ್ನಾನ ಮಾಡಬಹುದು, ಒಡಹುಟ್ಟಿದ ಅತ್ತೆಯ ಗತಿಯೇನು? ಅವಳಿಗೆ ಹೇಳದೆ ಅವಳ ಮೈಲಿಗೆ ಕಳೆಯುವುದು ಹೇಗೆ? ಬದುಕಿದ್ದವರಿಗೆ ಮಾಡಿದ ಮೋಸ ಅವನ ನಿದ್ದೆ ಕೆಡಿಸಲಿಲ್ಲ, ಮೈಲಿಗೆ ಕೆಡಿಸಿತು. ಕಡೆಗೆ ಗಾಡಿಯ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡು, "ಅತ್ತೆ, ಒಳಗೆ ಹೆಣ ನೋಡ್ಬಿಟ್ವಲ್ಲ. ಎಲ್ರೂ ಕಡಲಲ್ಲಿ ಮುಳುಗಿ ಬರೋಣ" ಎಂದ.

"ನಾನೂ ಅದೇ ಅಂದ್ಕಂಡಿದ್ದೆ. ನೀವ್ಯಾರೂ ಕೇಳಲ್ಲ ಅಂತ ಸುಮ್ನಿದ್ದೆ" ಎಂದಳು ಅತ್ತೆ. ನಮಗೆ ಇನ್ನೂ ಇಷ್ಟು ಆಚಾರ ಉಳಿದಿದೆಯಲ್ಲ ಎಂದು ಅವಳಿಗೆ ಸಂತೋಷವಾಗಿತ್ತು.

ಸಂಜೆಯ ಬೀಚು. ಎಲ್ಲಿ ನೋಡಿದರೂ ಪ್ಲಾಸ್ಟಿಕ್ಕು, ಬಿಯರಿನ ಸೀಸೆ, ಚಡ್ಡಿ ಹಾಕಿಕೊಂಡು ಕಿರುಚುವ ಜನ. ನಡುವೆ ನಮ್ಮದೊಂದು ಗುಂಪು ಉಟ್ಟ ಬಟ್ಟೆಯಲ್ಲೇ ನೀರಿಗೆ ಇಳಿಯಿತು. ಅಣ್ಣ ದಕ್ಷಿಣಕ್ಕೆ ತಿರುಗಿ ಮೂರು ಸಲ ಮುಳುಗಿದ, ನಾನೂ ಮುಳುಗಿದೆ. ನನ್ನ ಹೆಂಡತಿ ಅತ್ತೆಯ ಒಂದು ಕೈ ಹಿಡಿದಿದ್ದಳು, ನಾನು ಇನ್ನೊಂದು. ಸೊಂಟದವರೆಗೆ ನೀರು ಬಂದಾಗ ಅತ್ತೆ ಬೊಗಸೆಯಲ್ಲಿ ನೀರೆತ್ತಿಕೊಂಡು ನಿಂತುಬಿಟ್ಟಳು.

"ಆ ಸಾಮಿ ಹೆಸ್ರೇನು? ಸತ್ತೋರ ಹೆಸ್ರು ಹೇಳಿ ನೀರು ಬಿಡಬೇಕು."

ಅಣ್ಣ ಅತ್ತ ಮುಖ ತಿರುಗಿಸಿದ. ನಾನು ಸಂತನ ಹೆಸರು ಹೇಳಿದೆ. ಅವಳ ನಾಲಗೆಗೆ ಅದು ಹೊರಳಲಿಲ್ಲ. "ಚರ್ಚಿನ ಸಾಮಿ, ಒಳ್ಳೆ ಗತಿ ಸಿಗ್ಲಪ್ಪ ನಿಂಗೆ" ಎಂದು ಬೊಗಸೆಯ ನೀರು ಬಿಟ್ಟಳು. ತಾನು ಹೊತ್ತು ಬೆಳೆಸಿದ ತಮ್ಮನ ಸಾವಿನ ಸ್ನಾನವನ್ನು ಅವಳು ಹಾಗೆ ಮುಗಿಸಿದಳು. ನನ್ನ ಹೆಂಡತಿ ಅವಳ ಕೈ ಬಿಟ್ಟು ದಡಕ್ಕೆ ಹೋಗಿ ಬೆನ್ನು ತಿರುಗಿಸಿ ಕೂತಳು. ದಡದಲ್ಲಿ ಅಳಿಯ ಇದನ್ನೆಲ್ಲ ವಿಡಿಯೋ ಮಾಡುತ್ತಿದ್ದ.

ಎರಡನೆಯ ದಿನ ಇನ್ನೂ ಮೂರು ಚರ್ಚು ನೋಡಿದೆವು. ಅಷ್ಟು ದೊಡ್ಡ ಗಂಟೆಗಳು, ಅಷ್ಟು ಎತ್ತರದ ಕಂಬಗಳು, ಕುಸಿದು ಅರ್ಧ ಉಳಿದ ಒಂದು ಕೆಂಪು ಕಲ್ಲಿನ ಗೋಪುರ. ಬೇರೆ ದಿನವಾಗಿದ್ದರೆ ನಾನು ಆ ಗೋಪುರದ ಕೆಳಗೆ ಒಂದು ಗಂಟೆ ಕೂರುತ್ತಿದ್ದೆ. ಅತ್ತಿಗೆಯ ತಮ್ಮ ಅದರ ಗೋಡೆಗೆ ಕೀಲಿಕೈಯಿಂದ ತನ್ನ ಹೆಸರು ಕೆರೆಯತೊಡಗಿದಾಗ ಬೈದೆ. "ಎಲ್ರೂ ಬರ್ದಾರಲ್ರೀ" ಎಂದ. ನಿಜ, ಗೋಡೆಯ ತುಂಬ ಹೆಸರುಗಳಿದ್ದವು. ಅತ್ತೆ ಪ್ರತಿ ಚರ್ಚಿನಲ್ಲೂ ಚಪ್ಪಲಿ ಬಿಟ್ಟು ಹೋಗಿ, ಮೂಲೆಯಲ್ಲಿ ನಿಂತು, ಬಾಯೊಳಗೆ ಏನೋ ಹೇಳಿಕೊಂಡು ಬರುತ್ತಿದ್ದಳು. ಏನು ಕೇಳಿಕೊಂಡಿರಿ ಎಂದು ಅತ್ತಿಗೆ ತಮಾಷೆ ಮಾಡಿದಳು. "ಇನ್ನೇನು, ಅವನ ಕಾಲು" ಎಂದಳು.

ಮೂರನೆಯ ದಿನ ವಾಪಸ್. ಗೋಕರ್ಣಕ್ಕೆ ಇವತ್ತೂ ರಶ್ಶು ಎಂದ ಅಣ್ಣ. ಅತ್ತೆ ನನ್ನ ಕಡೆ ಒಂದು ಸಲ ನೋಡಿದಳು. ಕುಪ್ಪಗಡ್ಡೆಯ ದಾರಿ ತಪ್ಪಿಸಿ ಬೇರೆ ರಸ್ತೆಯಿಂದ ಸೊರಬಕ್ಕೆ ಬಂದು ಚಹಾಕ್ಕೆ ನಿಲ್ಲಿಸಿದೆವು. ಅತ್ತೆ ಗಾಡಿಯಲ್ಲೇ ಇದ್ದಳು. ನಾನು ಅವಳಿಗೆ ಲೋಟ ಹಿಡಿದುಕೊಂಡು ಬರುವಷ್ಟರಲ್ಲಿ ಕಿಟಕಿಯ ಹತ್ತಿರ ಕುಪ್ಪಗಡ್ಡೆಯ ಒಬ್ಬ ಹೆಂಗಸು ನಿಂತಿದ್ದಳು, ಕೈಯಲ್ಲಿ ಸಂತೆಯ ಚೀಲ.

"ಮೂರ್ ದಿನದ್ ಕಾರ್ಯಕ್ಕಾದ್ರೂ ಬಂದ್ರಲ್ಲ ದೊಡ್ಡಮ್ಮ" ಎನ್ನುತ್ತಿದ್ದಳು. "ಪಾಪ, ಕತ್ಲಾಗೋ ತಂಕ ನಿಮ್ ದಾರಿ ನೋಡಿದ್ರು. ಬ್ಯಾಟ್ರಿ ಬಿಟ್ಕಂಡು ಎತ್ತಿದ್ರು."

ಎತ್ತಿದ್ದು ಯಾರನ್ನು ಎಂದು ಅತ್ತೆ ಅವಳನ್ನು ಕೇಳಲಿಲ್ಲ. ಗಾಡಿಯಿಂದ ಇಳಿದಳು. ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಅಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅವನು ಫೋನು ತೆಗೆದು ಕಿವಿಗಿಟ್ಟುಕೊಂಡ. ಅವಳು ಅವನ ಮುಂದೆ ಹಾದು, ನಿಂತಿದ್ದ ಆಟೋವೊಂದನ್ನು ಹತ್ತಿ ಕೂತಳು. ನಾನು ಲೋಟ ಅಲ್ಲೇ ಕಟ್ಟೆಯ ಮೇಲಿಟ್ಟು ಓಡಿ ಹೋಗಿ ಪಕ್ಕದಲ್ಲಿ ಕೂತೆ.

ಅವಳು ಅಳಲಿಲ್ಲ, ಅರ್ಧ ದಾರಿ ರಸ್ತೆಯನ್ನೇ ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ ಶುರುಮಾಡಿದಳು.

"ನಿಮ್ಮಣ್ಣಂಗೆ ಗೊತ್ತಿತ್ತು. ಅದ್ಕೇ ದೇವಸ್ಥಾನಕ್ಕೆ ಕರ್ಕಂಡ್ ಹೋಗ್ಲಿಲ್ಲ. ಅದ್ಕೇ ಮುಳುಗಿಸ್ದ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, "ನನ್ ತಮ್ಮನ ಹೆಸ್ರು ಹೇಳಿ ನೀರು ಬಿಡೋದೂ ತಪ್ಪಿಸ್ದ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿಂಗೂ ಹೇಳ್ಲಿಲ್ವಾ ಮಗಾ ಅವನು?"

ಅವಳ ಮುಖದಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಹೇಳಿಬಿಡಲು ಅಷ್ಟು ಒಳ್ಳೆಯ ಗಳಿಗೆ ಇನ್ನೊಂದು ಸಿಗುತ್ತಿರಲಿಲ್ಲ.

"ಇಲ್ಲ ಅತ್ತೆ" ಎಂದೆ.

ನನ್ನ ಕೈ ಹಿಡಿದುಕೊಂಡಳು. ಊರು ಬರುವವರೆಗೂ ಬಿಡಲಿಲ್ಲ.

ಚಿಕ್ಕಪ್ಪನ ಮಗ ಜಗುಲಿಯಲ್ಲಿ ಕೂತಿದ್ದ. ತಲೆ ಬೋಳಿಸಿದ್ದರು. ಅತ್ತೆಯನ್ನು ಕಂಡು ಎದ್ದು ಬಂದ, ಅತ್ತೆ ಅವನನ್ನು ತಬ್ಬಿಕೊಂಡು ಅಲ್ಲೇ ಅಂಗಳದಲ್ಲಿ ಕುಸಿದಳು. ಆಗ ಅತ್ತಳು. ಒಳಗಿನಿಂದ ಹೆಂಗಸರು ಬಂದರು, ನೀರು ಕುಡಿಸಿದರು. ನಾನು ಜಗುಲಿಯ ಕಂಬದ ಹತ್ತಿರ ಕೂತೆ. ಅವನು ನನ್ನ ಕಡೆ ನೋಡಿರಲಿಲ್ಲ. ನೋಡಿದರೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಹೊಂದಿಸುತ್ತಿದ್ದೆ.

ಅಳು ಸ್ವಲ್ಪ ಇಳಿದ ಮೇಲೆ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಇವನ ಮೇಲೆ ಸಿಟ್ಟು ಮಾಡ್ಕಬ್ಯಾಡ" ಎಂದು ನನ್ನನ್ನು ತೋರಿಸಿದಳು. "ಇವಂಗೆ ಗೊತ್ತೇ ಇರ್ಲಿಲ್ಲ. ಇವರಣ್ಣ ಮುಚ್ಚಿಟ್ಟಾನೆ. ಗೊತ್ತಿದ್ರೆ ಇವನು ನನ್ನ ಹೊತ್ಕಂಡಾದ್ರೂ ತರ್ತಿದ್ದ." ಆಮೇಲೆ ಅವಳ ದನಿ ಏರಿತು. "ನೀನಾದ್ರೂ ಇವಂಗೊಂದು ಫೋನ್ ಮಾಡಬಾರದಿತ್ತೇನಾ?"

ಅವನು ನನ್ನನ್ನು ನೋಡಿದ. ಮೊನ್ನೆ ಬೆಳಿಗ್ಗೆ ನನ್ನ ಜೊತೆ ಮಾತಾಡಿದವನು, ಸಂಜೆ ಐದು ಸಲ ಕರೆ ಮಾಡಿದವನು. ಅವನ ಕಣ್ಣು ಕೆಂಪಾಗಿತ್ತು. ಅವನು ನನ್ನಿಂದ ಕಣ್ಣು ತೆಗೆದು ಅತ್ತೆಯ ಕಡೆ, ನನ್ನನ್ನು ತೋರಿಸುತ್ತಿದ್ದ ಅವಳ ಕೈಯ ಕಡೆ ನೋಡಿದ.

"ಮಾಡ್ಬೇಕಿತ್ತು ಅತ್ತೆ" ಎಂದ. "ಆ ಗಡಿಬಿಡೀಲಿ ತೋಚಲಿಲ್ಲ. ನಂದೇ ತಪ್ಪು."

ಅತ್ತೆ ಅವನಿಗೆ ಬೈದಳು. ಅಪ್ಪ ಸತ್ತು ಮೂರು ದಿನವಾಗಿದ್ದ ಅವನಿಗೆ, ಬೇಜವಾಬ್ದಾರಿ ಎಂದು, ಒಂದು ಫೋನು ಮಾಡಿದ್ದರೆ ತಮ್ಮನ ಮುಖ ನೋಡುತ್ತಿದ್ದೆ ಎಂದು, ಕೈ ಬಡಿದುಕೊಂಡು ಬೈದಳು. ಅವನು ಬೋಳು ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡ. ನಾನು ಅವರ ಪಕ್ಕದಲ್ಲೇ ಕೂತಿದ್ದೆ.